ಒಂದೂವರೆ ಗೇಣು

ಗೇಣು ಮೇಸ್ತ್ರಿಯ ಹತ್ತಿರ ಟೇಪು ಇರಲಿಲ್ಲವೆಂದಲ್ಲ, ಇತ್ತು. ಯಾವನೋ ಗಿರಾಕಿ ಮರೆತುಹೋದದ್ದು, ಕೆಲಸದ ಶೆಡ್ಡಿನ ಮೊಳೆಗೆ ನೇತುಬಿದ್ದು ತುಕ್ಕು ಹಿಡಿಯುತ್ತಿತ್ತು. ಅದನ್ನು ಮುಟ್ಟುವುದೆಂದರೆ ಅವನಿಗೆ ಅವಮಾನ. ಹೆಬ್ಬೆರಳು ಕಿರುಬೆರಳು ಅಗಲಿಸಿ ಹಲಗೆಯ ಉದ್ದಕ್ಕೂ ಗೇಣು ಹಾಕುತ್ತ ಹೋಗುವುದು, ಕೊನೆಗೆ ಮಿಕ್ಕಿದ್ದನ್ನು ಬೆರಳಲ್ಲಿ ಎಣಿಸುವುದು, ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಗೆರೆ ಎಳೆಯುವುದು, ಇಷ್ಟೇ ಅವನ ವಿದ್ಯೆ. ಬಾಗಿಲಾಗಲಿ, ಪೆಟ್ಟಿಗೆಯಾಗಲಿ, ಏಣಿಯಾಗಲಿ, ಹೀಗೇ ಅಳೆದದ್ದು.

"ಟೇಪು ಜಗ್ಗಿದ್ರೆ ಉದ್ದ, ಬಿಟ್ರೆ ಗಿಡ್ಡ. ನನ್ನ ಗೇಣು ನೋಡಿ, ಹುಟ್ಟಿದಾಗಿಂದ ಒಂದೇ," ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ.

"ಹುಟ್ಟಿದಾಗ್ಲೂ ಇಷ್ಟೇ ಇತ್ತಾ ಮೇಸ್ತ್ರಿ? ಪಾಪ ನಿಮ್ಮಮ್ಮ!" ಎಂದು ಒಮ್ಮೆ ಗಿರಾಕಿಯೊಬ್ಬ ನಕ್ಕಿದ್ದ. ಮೇಸ್ತ್ರಿಗೆ ಆ ನಗೆ ಅರ್ಥವಾಗಲು ಸಂಜೆಯಾಯಿತು.

ಕೆಲಸ ಮಾತ್ರ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ. ಅವನು ಕೂರಿಸಿದ ಬಾಗಿಲು ಕಿರ್ ಎನ್ನುತ್ತಿರಲಿಲ್ಲ, ಅವನ ಪೆಟ್ಟಿಗೆಯ ಮುಚ್ಚಳದ ಸಂದಿಯಲ್ಲಿ ಇರುವೆಗೂ ದಾರಿಯಿರುತ್ತಿರಲಿಲ್ಲ. ಬೀದಿಯವರು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದರು. ಇಳಿಯಲು ಯಾರೂ ಏಣಿ ಇಡಲಿಲ್ಲ. ಅವನು ಆರಡಿಯ ಆಳು, ಕೈಯೆಂದರೆ ಮೊರದಷ್ಟು ಅಗಲ. ಅವನು ಹೊಡೆದುಕೊಟ್ಟ ಗೂಟಕ್ಕೆ ಕೊಡೆ ನೇತುಹಾಕಲು ಅರ್ಧ ಬೀದಿ ತುದಿಗಾಲಲ್ಲಿ ನಿಲ್ಲುತ್ತಿತ್ತು, ಅವನ ಸ್ಟೂಲಿನ ಮೇಲೆ ಕೂತ ಹೆಂಗಸರ ಕಾಲು ನೆಲಕ್ಕೆ ಎಟುಕದೆ ಜೋಲಾಡುತ್ತಿತ್ತು. ಆದರೂ ಯಾರೂ ತುಟಿ ಬಿಚ್ಚಲಿಲ್ಲ. ಇಷ್ಟು ಚೆನ್ನಾಗಿ ಮಾಡಿದ ಮೇಲೆ ತಪ್ಪು ನಮ್ಮ ಕಾಲಿನದೇ ಇರಬೇಕು ಎಂದುಕೊಂಡರು.

ಎಲ್ಲರಿಗಿಂತ ಹೆಚ್ಚು ಕಾಲ ಹಾಗೆ ಅಂದುಕೊಂಡವಳು ಅವನ ಅಕ್ಕ.

ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಅಕ್ಕನಿಗೆ ಹದಿನೇಳು, ಇವನಿಗೆ ಒಂಬತ್ತು. ಅವಳು ಪುಸ್ತಕ ಬೈಂಡು ಮಾಡುವ ಅಂಗಡಿಗೆ ಸೇರಿ ದಿನವಿಡೀ ಹಾಳೆ ಮಡಿಸಿದಳು, ದಬ್ಬಳದಿಂದ ತೂತು ಮಾಡಿ ಮೇಣದ ದಾರದಲ್ಲಿ ಹೊಲಿದಳು, ಬೆನ್ನಿಗೆ ಅಂಟು ಸವರಿ ರಟ್ಟು ಹಾಕಿದಳು. ಬೆರಳ ತುದಿಗಳು ಸವೆದು ನುಣ್ಣಗಾದವು. ಆ ಬೆರಳಿನಿಂದಲೇ ತಮ್ಮನಿಗೆ ತುತ್ತು ಹಾಕಿದಳು, ಕೆಲಸ ಕಲಿಯಲೆಂದು ಒಬ್ಬ ಮುದಿ ಬಡಗಿಯ ಹತ್ತಿರ ಬಿಟ್ಟಳು. ಅವಳನ್ನು ಕೇಳಿಕೊಂಡು ಬಂದ ಗಂಡುಗಳಿರಲಿಲ್ಲವೆಂದಲ್ಲ. "ತಮ್ಮ ಒಂದು ದಾರಿಗೆ ಬರ್ಲಿ," ಎನ್ನುತ್ತಿದ್ದಳು. ತಮ್ಮ ದಾರಿಗೆ ಬರುವಷ್ಟರಲ್ಲಿ ಬರುವವರು ದಾರಿ ಮರೆತಿದ್ದರು. ಬೆಳೆದದ್ದು ತಮ್ಮ ಮಾತ್ರ. ಅಕ್ಕ ಅವನ ಎದೆಯ ಗುಂಡಿಯವರೆಗೆ ಬಂದು ನಿಂತುಬಿಟ್ಟಿದ್ದಳು. "ನಿನ್ನ ಮುಖ ನೋಡಿ ಮಾತಾಡಿದ್ರೆ ನನ್ನ ಕತ್ತು ನೋಯುತ್ತೆ, ಕೂತ್ಕೋ," ಎಂದು ಗದರುತ್ತಿದ್ದಳು. ಅವನಿಗೆ ಅವಳಿಟ್ಟ ಹೆಸರು ಉದ್ದಪ್ಪ.

ಮೂವತ್ತನೆಯ ವಯಸ್ಸಿನಲ್ಲಿ ಉದ್ದಪ್ಪನಿಗೆ ಮದುವೆಯಾಯಿತು. ಇದ್ದದ್ದು ಒಂದೇ ಕೋಣೆ, ಒಂದು ಅಡಿಗೆಮನೆ, ಪಕ್ಕಕ್ಕೆ ಹೊಂದಿಕೊಂಡ ಶೆಡ್ಡು. ಯಾರೂ ಹೇಳುವ ಮೊದಲೇ ಅಕ್ಕ ತನ್ನ ಹಾಸಿಗೆ ಸುತ್ತಿ ಅಡಿಗೆಮನೆಯಲ್ಲಿಟ್ಟಳು. ಇವನಿಗೆ ಮನಸ್ಸು ತಡೆಯಲಿಲ್ಲ. ಶೆಡ್ಡಿನ ತೊಲೆಗಳ ಮೇಲೆ ಹಲಗೆ ಹಾಸಿ ಅವಳಿಗೊಂದು ಅಟ್ಟ ಕಟ್ಟಿದ. ಒರಟು ಹಲಗೆ, ಆದರೆ ಗಟ್ಟಿ. ಬೀದಿಯ ಕಡೆಗೆ ಒಂದು ಕಿಟಕಿ, ಕಿಟಕಿಯ ಕೆಳಗೆ ಹಾಳೆ ಮಡಿಸಲು ತಗ್ಗಿನ ಮೇಜು. ಹತ್ತಲು ಒಂದು ಏಣಿ ಮಾಡಿದ. ಎರಡು ಉದ್ದನೆಯ ಮರಕ್ಕೆ ಕಿಂಡಿ ಕೊರೆದು, ಅಡ್ಡಪಟ್ಟಿ ತೂರಿಸಿ, ಬೆಣೆ ಹೊಡೆದದ್ದು, ಒಂದು ಮೊಳೆಯಿಲ್ಲ. ಮೆಟ್ಟಿಲಿಂದ ಮೆಟ್ಟಿಲಿಗೆ ಒಂದೂವರೆ ಗೇಣು. ಏಳು ಮೆಟ್ಟಿಲು, ಎಂಟನೆಯ ಹೆಜ್ಜೆಗೆ ಅಟ್ಟ.

ಅಕ್ಕ ಸೆರಗು ಸಿಕ್ಕಿಸಿ ಹತ್ತಿದಳು. ಪ್ರತಿ ಮೆಟ್ಟಿಲಿಗೂ ಮಂಡಿ ಎದೆಗೆ ಬಡಿಯುವಂತೆ ಕಾಲೆತ್ತಿದಳು. ಮೇಲೆ ನಿಂತು ಉಸಿರು ಬಿಡುತ್ತ, "ಅರಮನೆ ಕಣೋ!" ಎಂದಳು. ಅಂಚಿಗೆ ಬಂದು ಕೆಳಗೆ ನೋಡಿ, "ಇಲ್ಲೊಂದು ಕಟಕಟೆ ಇದ್ರೆ ಚೆನ್ನಾಗಿತ್ತು. ಹಿಡ್ಕೊಂಡು ಇಳೀಬಹುದಿತ್ತು," ಎಂದಳು.

"ಮರ ತೆಗೆದಿಟ್ಟಿದೀನಿ. ಈ ಬಾಗಿಲು ಕೆಲಸ ಒಂದು ಮುಗೀಲಿ," ಎಂದ ತಮ್ಮ.

ಮರವನ್ನು ನಿಜವಾಗಿಯೂ ತೆಗೆದಿಟ್ಟಿದ್ದ. ಅದು ಯಾರದೋ ಮಂಚದ ಕಾಲಾಯಿತು. ಮತ್ತೆ ತೆಗೆದಿಟ್ಟ, ಅದು ಕಿಟಕಿಯ ಚೌಕಟ್ಟಾಯಿತು. ಮೂರನೆಯ ಸಲ ತೆಗೆದಿಟ್ಟದ್ದಕ್ಕೆ ಗೆದ್ದಲು ಹಿಡಿಯಿತು. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರಲ್ಲ, ಹಾಗೆ. ಬೀದಿಗೆಲ್ಲ ಕಟಕಟೆ ಮಾಡಿಕೊಟ್ಟವನ ಅಕ್ಕ ತನ್ನ ತಗಡಿನ ಟ್ರಂಕನ್ನು ಅಟ್ಟದ ಅಂಚಿಗೆ ಅಡ್ಡ ಇಟ್ಟುಕೊಂಡು, ಗೋಡೆಗೆ ಒತ್ತಿಕೊಂಡು ಮಲಗಿದಳು. ಒಂದು ವರ್ಷ, ಎರಡು ವರ್ಷವಲ್ಲ, ಇಪ್ಪತ್ತೆರಡು ವರ್ಷ. ದಿನಕ್ಕೆ ಎಷ್ಟೋ ಸಲ ಹಾಳೆಯ ಕಟ್ಟನ್ನು ಮೇಲೆ ಹೊತ್ತಳು, ಬೈಂಡಾದ ಪುಸ್ತಕಗಳನ್ನು ಕೆಳಗೆ ಇಳಿಸಿದಳು.

ಹದಿನೇಳನೆಯ ವರ್ಷವೋ ಏನೋ, ಒಂದು ಬೆಳಗ್ಗೆ ಏಣಿಗೆ ಬಟ್ಟೆ ಕಟ್ಟಿದ್ದು ಮೇಸ್ತ್ರಿಯ ಕಣ್ಣಿಗೆ ಬಿತ್ತು. ಪ್ರತಿ ಎರಡು ಮೆಟ್ಟಿಲಿನ ನಡುವೆ, ಈ ಮರದಿಂದ ಆ ಮರಕ್ಕೆ, ಹಳೆಯ ಸೀರೆಯ ಚಿಂದಿ ಹೊಸೆದು ಬಿಗಿದಿತ್ತು. ಅದು ಅಲ್ಲಿಗೆ ಬಂದು ಎಷ್ಟು ತಿಂಗಳಾಗಿತ್ತೋ, ಅವನು ನೋಡಿರಲಿಲ್ಲ. ಅಂದು ಯಾರೋ ದೊಡ್ಡ ಗಿರಾಕಿ ಶೆಡ್ಡಿಗೆ ಬರುವವನಿದ್ದ, ಅದಕ್ಕೇ ಕಂಡಿತು.

"ಏನಕ್ಕಾ ಇದು? ನನ್ನ ಏಣಿಗೆ ಬೆದರುಬೊಂಬೆ ವೇಷ ಹಾಕಿದೀಯಲ್ಲ! ನೋಡಿದೋರು ಏನಂತಾರೆ? ಬಟ್ಟೆ ಒಣಗಿಸೋಕೆ ಬೇರೆ ಜಾಗ ಇಲ್ವಾ?"

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಉಳಿ ತೆಗೆದುಕೊಂಡು ಆರೂ ಚಿಂದಿಗಳನ್ನು ಕಚ ಕಚನೆ ಕತ್ತರಿಸಿಯಾಗಿತ್ತು. ಅವಳು ಕೆಳಗೆ ಬಿದ್ದ ತುಂಡುಗಳನ್ನು ಒಂದೊಂದಾಗಿ ಎತ್ತಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಾಳೆ ಮಡಿಸುವ ಕೈ, ಯಾವುದನ್ನೂ ಮುದುರಿ ಇಡಲು ಬಾರದು. ಗಿರಾಕಿ ಬಂದ, ಏಣಿಯನ್ನು ಹೊಗಳಿದ, ಹೋದ.

ಅಲ್ಲಿಂದ ಐದು ವರ್ಷಕ್ಕೆ ಅಕ್ಕ ತಮ್ಮನನ್ನು ದೂರ ಮಾಡಿದ ಆ ಮಾತು ನಡೆಯಿತು. ಮೇಸ್ತ್ರಿ ಹೊಸ ಮೆಷಿನ್ ತಂದಿದ್ದ, ಮರ ನಯ ಮಾಡುವುದು. ಅದು ಕಿವಿ ಕಿತ್ತುಹೋಗುವಂತೆ ಅರಚುತ್ತಿತ್ತು. ಅಕ್ಕ ತಲೆಯ ಮೇಲೊಂದು ಪುಸ್ತಕದ ಕಟ್ಟು ಹೊತ್ತು ಏಣಿ ಇಳಿದು ಬಂದಳು. ಕಟ್ಟನ್ನು ಕೆಳಗಿಟ್ಟು, ಸೊಂಟಕ್ಕೆ ಕೈಕೊಟ್ಟು, ಅವನ ಬೆನ್ನಿಗೆ ಏನೋ ಹೇಳಿದಳು. ಮೆಷಿನ್ ನಿಲ್ಲಿಸದೆ ಅವನು ಕೇಳಿಸಿಕೊಂಡದ್ದು ಇಷ್ಟು: "ಮೇಲು ಕೀಳು ಮಾಡಿ ಮಾಡಿ ಸಾಕಾಯ್ತು ಕಣೋ. ನಾನು ಬೇರೆ ಕಡೆ ರೂಮು ನೋಡ್ಕೋತೀನಿ."

ಮೇಲು ಕೀಳು! ಅವನಿಗೆ ನೆತ್ತಿಗೇರಿತು. ಈ ಮನೆಯಲ್ಲಿ ಅವಳನ್ನು ಕೀಳಾಗಿ ಕಂಡವರು ಯಾರು? ಉಳಿದವಳು ಒಬ್ಬಳೇ, ಅವನ ಹೆಂಡತಿ. ಮೆಷಿನ್ ಆರಿಸಿದ. ಅದು ಆರಿದರೂ ಅವನು ಅದರಷ್ಟೇ ಜೋರಾಗಿ ಕೂಗಿದ.

"ಯಾರು ನಿಂಗೆ ಮೇಲು ಕೀಳು ಮಾಡಿದ್ದು? ಅವಳು ಒಂದು ದಿನಾನಾದ್ರೂ ನಿಂಗೆ ಎದುರು ಮಾತಾಡಿದಾಳಾ? ತಲೆ ಮೇಲೆ ಕೂರಿಸ್ಕೊಂಡಿದೀನಲ್ಲ ನಿನ್ನ, ಅದಕ್ಕೆ ಈ ಮಾತಾ?"

ತಲೆಯ ಮೇಲೆ ಕೂರಿಸಿಕೊಂಡಿದ್ದು ಸುಳ್ಳಲ್ಲ. ಅವನು ಕೆಲಸ ಮಾಡುವ ಜಾಗದ ನೆತ್ತಿಗೆ ಸರಿಯಾಗಿ ಅವಳ ಅಟ್ಟ. ಅಕ್ಕ ಅವನನ್ನು ಒಂದು ಗಳಿಗೆ ನೋಡಿದಳು. ಕತ್ತು ನೋಯುವಷ್ಟು ಹೊತ್ತೇ ನೋಡಿದಳು. "ಆಯ್ತು ಬಿಡು," ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಲ್ಕನೆಯ ದಿನ ಅವಳ ಟ್ರಂಕನ್ನು ಹಗ್ಗ ಕಟ್ಟಿ ಅಟ್ಟದಿಂದ ಇಳಿಸಿದವನು ಅವನೇ. ಅಂಗೈಯ ಚರ್ಮ ಸುಲಿಯಿತು. ನಿಲ್ಲು ಎಂದಿದ್ದರೆ ನಿಲ್ಲುತ್ತಿದ್ದಳೋ ಏನೋ. ಎರಡು ಅಕ್ಷರದ ಮಾತು, ಅದನ್ನು ಆಡಲು ಅವನ ಆರಡಿಯಲ್ಲಿ ಎಲ್ಲಿಯೂ ಜಾಗ ಸಿಗಲಿಲ್ಲ.

ಅವಳು ನಾಲ್ಕು ಬೀದಿ ಆಚೆ, ಬೈಂಡಿಂಗ್ ಅಂಗಡಿಯ ಹಿಂದೆ, ನೆಲಮಟ್ಟದ ಒಂದು ಕೋಣೆ ಹಿಡಿದಳು. ಎಂಟು ವರ್ಷ. ಯಾರದಾದರೂ ಸಾವಿನಲ್ಲೋ ಮದುವೆಯಲ್ಲೋ ಎದುರಾದರೆ "ಚೆನ್ನಾಗಿದೀಯಾ?" "ಹೂಂ." ಇಷ್ಟೇ. ಹೆಂಡತಿ ಮೊದಲೆರಡು ವರ್ಷ ಕೇಳಿ ಕೇಳಿ ಅತ್ತಳು. "ನಾನೇನು ಮಾಡ್ದೆ ಅಂತ ಅತ್ತಿಗೆ ಹಾಗಂದ್ರು ರೀ? ಅವರು ಉಂಡಾದ್ಮೇಲೇ ನಾನು ಉಣ್ತಿದ್ದಿದ್ದು." ಹೋಗಿ ಕೇಳಿಬರುತ್ತೇನೆಂದರೆ ಇವನು ಬಿಡಲಿಲ್ಲ. ಆಮೇಲೆ ಅವಳು ಆ ಮಾತೆತ್ತುವುದನ್ನೇ ನಿಲ್ಲಿಸಿದಳು. ಅಟ್ಟದ ತುಂಬ ಮರದ ತುಂಡುಗಳು ಸೇರಿಕೊಂಡವು.

ಹೀಗಿರುವಾಗ ಟೈಲರಮ್ಮ ಬಂದಳು. ಹಿಂದಿನ ಬೀದಿಯಲ್ಲಿ ಅಂಗಡಿ, ಒಳಗೆ ಬಟ್ಟೆಗಂಟು ಇಡಲು ಒಂದು ಅಟ್ಟವಿತ್ತು. ಅದಕ್ಕೊಂದು ಏಣಿ, ಮೇಲೊಂದು ಕಟಕಟೆ ಬೇಕಿತ್ತು. ಮೇಸ್ತ್ರಿ ಹೋಗಿ ಗೇಣು ಹಾಕಿದ, ಒಂದು ವಾರಕ್ಕೆ ಕೆಲಸ ಮುಗಿಸಿದ. ನೋಡಿದವರೆಲ್ಲ ಭೇಷ್ ಎಂದರು. ಟೈಲರಮ್ಮ ಮಾತ್ರ ಕತ್ತಿಗೆ ಟೇಪು ನೇತುಹಾಕಿಕೊಂಡು ಬಂದವಳು ಏಣಿಯ ಮುಂದೆ ನಿಂತಳು. ಕುಳ್ಳಗಿನ ಹೆಂಗಸು, ನಾಲಿಗೆ ಅವಳ ಕತ್ತರಿಗಿಂತ ಹರಿತ. ಎರಡು ಮೆಟ್ಟಿಲು ಹತ್ತಿದಳು, ಇಳಿದಳು.

"ಮೇಸ್ತ್ರಿ, ಈ ಅಟ್ಟ ಹತ್ತೋರು ಯಾರು?"

"ನೀವೇ ಅಮ್ಮಾ."

"ಮತ್ತೆ ಏಣಿ ಯಾರ ಕಾಲಿಗೆ ಮಾಡಿದೀರಿ?"

ಮೇಸ್ತ್ರಿಗೆ ಪ್ರಶ್ನೆಯೇ ಹೊಸದು. "ಏಣಿ ಅಂದ್ರೆ ಏಣಿ ಅಮ್ಮಾ. ನಲವತ್ತು ವರ್ಷದಿಂದ ಇದೇ ಅಳತೆ. ಒಂದೂವರೆ ಗೇಣು."

"ಯಾರ ಗೇಣು?"

ಅವನು ತನ್ನ ಕೈ ಅಗಲಿಸಿ ತೋರಿಸಿದ. ಟೈಲರಮ್ಮ ಅದರ ಪಕ್ಕಕ್ಕೆ ತನ್ನ ಕೈ ಅಗಲಿಸಿ ಹಿಡಿದಳು. ಎರಡಕ್ಕೂ ಮೂರು ಬೆರಳಿನ ವ್ಯತ್ಯಾಸವಿತ್ತು.

"ನಾನೂ ಹೀಗೇ ನನ್ನ ಮೈಗೆ ಅಳತೆ ಹಿಡಿದು ನಿಮಗೆ ಅಂಗಿ ಹೊಲಿದುಕೊಟ್ರೆ ಹಾಕ್ಕೋತೀರಾ? ಹೊಲಿಗೆ ಎಷ್ಟು ಚೆನ್ನಾಗಿದ್ರೇನು? ತಗೊಂಡ್ಹೋಗಿ. ಹತ್ತೋಳ ಕಾಲು ನೋಡಿ ಮಾಡ್ಕೊಂಬನ್ನಿ."

ನಲವತ್ತು ವರ್ಷದ ಕಸುಬಿನಲ್ಲಿ ಕೆಲಸ ವಾಪಸು ಬಂದದ್ದು ಅದೇ ಮೊದಲು. ಹಾಡಹಗಲು, ಕೈಗಾಡಿಯ ಮೇಲೆ ಏಣಿ ಹೇರಿಕೊಂಡು ಬರುವಾಗ ಬೀದಿಯ ಕಣ್ಣೆಲ್ಲ ತನ್ನ ಬೆನ್ನ ಮೇಲಿದೆ ಅನ್ನಿಸಿತು. ಬೈದುಕೊಂಡೇ ಬಂದ. ಶೆಡ್ಡಿಗೆ ತಂದು, ಜಾಗವಿಲ್ಲದೆ, ಅದನ್ನು ಅಕ್ಕನ ಏಣಿಗೆ ಒರಗಿಸಿದ. ಎರಡೂ ಏಣಿಯ ಮೆಟ್ಟಿಲುಗಳು ಒಂದಕ್ಕೊಂದು ಕೂದಲೆಳೆಯಷ್ಟೂ ತಪ್ಪದೆ ಸರಿಹೊಂದಿ ಕೂತವು. ಇನ್ನೊಂದು ದಿನವಾಗಿದ್ದರೆ ಅವನಿಗೆ ಹೆಮ್ಮೆಯಾಗುತ್ತಿತ್ತು.

ಟೈಲರಮ್ಮನ ಏಣಿಗೆ ಹೊಸ ಮರ ಬೇಕು, ಅಟ್ಟದಲ್ಲಿರುವ ತುಂಡುಗಳಲ್ಲಿ ಏನಾದರೂ ಸಿಕ್ಕೀತೆಂದು ಹತ್ತಿದ. ಅರವತ್ತರ ಮಂಡಿ ನಾಲ್ಕನೆಯ ಮೆಟ್ಟಿಲಿಗೇ ಕಳಕ್ಕೆಂದಿತು. ನಿಂತ. ಕಾಲಿಡಲು ನಡುವೆ ಏನಾದರೂ ಇದೆಯೇ ಎಂದು ತಡಕಾಡಿದ ಕೈಗೆ ಮರದಲ್ಲೊಂದು ತಗ್ಗು ಸಿಕ್ಕಿತು. ಬಳೆ ಹಾಕಿದಂತೆ ಸುತ್ತಲೂ ಸವೆದಿತ್ತು. ಆಚೆಯ ಮರದಲ್ಲೂ ಅದೇ ಎತ್ತರಕ್ಕೆ ಇನ್ನೊಂದು. ಮೇಲಿನ ಸಂದಿಯಲ್ಲೂ ಇತ್ತು, ಕೆಳಗಿನ ಸಂದಿಯಲ್ಲೂ ಇತ್ತು. ಎಲ್ಲವೂ ಎರಡು ಮೆಟ್ಟಿಲಿನ ಸರಿ ಮಧ್ಯಕ್ಕೆ. ಬಟ್ಟೆ ಒಣಗಿಸಿದರೆ ಮರ ಹೀಗೆ ಸವೆಯುವುದಿಲ್ಲ. ಭಾರ ಬಿದ್ದರೆ ಸವೆಯುತ್ತದೆ. ದಿನವೂ, ಎಷ್ಟೋ ಸಲ, ಒಂದು ಪುಟ್ಟ ಕಾಲಿನ ಭಾರ ಬಿದ್ದರೆ.

ಅವನು ಮಾಡದೆ ಬಿಟ್ಟ ಅರ್ಧ ಮೆಟ್ಟಿಲನ್ನು ಅವಳು ಸೀರೆ ಹರಿದು ಮಾಡಿಕೊಂಡಿದ್ದಳು. ಅದನ್ನು ಅವನು ಉಳಿಯಿಂದ ಕತ್ತರಿಸಿದ್ದ. ಆಮೇಲೆ ಐದು ವರ್ಷ ಅವಳು ಹೇಗೆ ಹತ್ತಿದಳು?

ಮೇಸ್ತ್ರಿ ಆ ತಗ್ಗುಗಳಲ್ಲಿ ಒಂದೊಂದಾಗಿ ಬೆರಳಾಡಿಸುತ್ತ ಅಟ್ಟಕ್ಕೆ ಹತ್ತಿದ. ಆಮೇಲೆ ಏನು ಹೊಳೆಯಿತೋ, ಅಟ್ಟದಲ್ಲಿದ್ದ ಮರದ ತುಂಡುಗಳನ್ನೆಲ್ಲ ಕೆಳಗಿಳಿಸತೊಡಗಿದ. ಒಂದು ಹೊರೆ ಇಳಿಸುವುದು, ಮತ್ತೆ ಹತ್ತುವುದು. ಹೆಂಡತಿ ಕೈ ಒರೆಸಿಕೊಳ್ಳುತ್ತ ಅಡಿಗೆಮನೆಯ ಬಾಗಿಲಿಗೆ ಬಂದಳು.

"ಏನ್ರೀ ಇದು? ಈ ವಯಸ್ಸಲ್ಲಿ ಎಷ್ಟು ಸಲ ಮೇಲೆ ಕೆಳಗೆ ಮಾಡ್ತೀರಾ? ಮಂಡಿ ಹೋಗುತ್ತೆ!"

ಅವನ ಕೈಯಲ್ಲಿದ್ದ ಹೊರೆ ನೆಲಕ್ಕೆ ಬಿತ್ತು. "ಏನಂದೆ?"

"ಮಂಡಿ ಹೋಗುತ್ತೆ ಅಂದೆ."

"ಅದಲ್ಲ. ಅದಕ್ಕೆ ಮುಂಚೆ."

"ಮೇಲೆ ಕೆಳಗೆ ಎಷ್ಟು ಮಾಡ್ತೀರಾ ಅಂದೆ. ಯಾಕ್ರೀ, ಏನಾಯ್ತು?"

ಅವನು ಮರದ ಸಿಪ್ಪೆಯ ರಾಶಿಯ ಮೇಲೆ ಕೂತ. ಮೇಲೆ ಕೆಳಗೆ. ಮೇಲು ಕೀಳು. ನಡುವೆ ಒಂದು ಮೆಷಿನ್ನು ಅರಚುತ್ತಿತ್ತು, ಅಷ್ಟೇ. ಹೆಂಡತಿಗೆ ಹೇಳಬೇಕಾಗಿತ್ತು, ಹೇಳಿದ. ಅವಳು ಕೋಪಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದ. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಎಂಟು ವರ್ಷ ರೀ," ಎಂದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಮರುದಿನ ಬೆಳಗ್ಗೆ ಅಕ್ಕನ ಕೋಣೆಯ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತ. ಬಾಗಿಲು ಗಿಡ್ಡ, ಬಗ್ಗಿಸದೆ ವಿಧಿಯಿರಲಿಲ್ಲ. ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತು ಹಾಳೆ ಮಡಿಸುತ್ತಿದ್ದಳು. ಕೂದಲೆಲ್ಲ ಬಿಳುಪಾಗಿತ್ತು. ಕೈ ಮಾತ್ರ ಹಿಂದಿನ ಹಾಗೆಯೇ ಓಡುತ್ತಿತ್ತು.

"ಕೂತ್ಕೋ ಉದ್ದಪ್ಪ. ಕತ್ತು ನೋಯುತ್ತೆ," ಎಂದಳು, ನಿನ್ನೆ ಸಂಜೆಯಷ್ಟೇ ಮಾತು ನಿಂತಿತ್ತೇನೋ ಅನ್ನುವಂತೆ.

ಅವನು ಕೂತ. "ಅಕ್ಕಾ, ಅವತ್ತು ನೀನು ಏನಂದೆ?"

ಯಾವತ್ತು ಎಂದು ಅವಳು ಕೇಳಲಿಲ್ಲ. "ಮೇಲೆ ಕೆಳಗೆ ಮಾಡಿ ಮಾಡಿ ಸಾಕಾಯ್ತು ಅಂದೆ. ಏಣಿ ಕಣೋ. ಕಾಲು ಆಗ್ತಿರಲಿಲ್ಲ."

"ನಾನು ಮೇಲು ಕೀಳು ಅಂತ ಕೇಳಿಸ್ಕೊಂಡೆ."

"ಗೊತ್ತು. ನೀನು ಕೂಗಿದಾಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ಹಾಗಲ್ಲ ಕಣೋ ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲ ಅಕ್ಕಾ?"

ಅಕ್ಕ ಮಡಿಸಿದ ಹಾಳೆಯ ಅಂಚನ್ನು ಉಗುರಿನಿಂದ ತೀಡಿದಳು. "ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ತಲೆ ಮೇಲೆ ಕೂರಿಸ್ಕೊಂಡಿದೀನಿ ಅಂದ್ಯಲ್ಲ. ನಾನು ಅಲ್ಲಿ ಇದ್ದದ್ದು ನಿಂಗೆ ಭಾರ ಅಂತ ಆಗ ಅನ್ನಿಸ್ತು. ಭಾರ ಅಂದ್ಮೇಲೆ ಏಣಿ ಆದ್ರೇನು, ಮಾತಾದ್ರೇನು." ಇನ್ನೊಂದು ಹಾಳೆ ತೆಗೆದುಕೊಂಡು ಸೇರಿಸಿದಳು, "ನಂದೂ ತಪ್ಪೇ. ಆ ಹುಡುಗಿ ಪಾಪ, ಅವಳ ಮೇಲೆ ಬಂತು. ಹಟ ನಮ್ಮ ಮನೇಲಿ ನಿನಗೊಬ್ಬನಿಗೇ ಬಂದಿದ್ದಲ್ಲ."

ಭಾರ! ಇವಳು ಮಡಿಸಿದ ಹಾಳೆಯನ್ನು ತಿಂದು ಬೆಳೆದವನು ತಾನು. ಅದನ್ನೇ ಹೇಳಬೇಕೆಂದು ಮೇಸ್ತ್ರಿ ಬಾಯಿ ತೆರೆದ, ಬಂದದ್ದು ಬೇರೆ ಮಾತು. "ನಿನ್ನ ಕೈ ಕೊಡು."

"ಯಾಕೆ?"

"ಗೇಣು ಬೇಕು."

ಅವಳು ಅನುಮಾನದಿಂದಲೇ ಕೈ ಅಗಲಿಸಿದಳು. ಅವನು ತಂದಿದ್ದ ಪಟ್ಟಿಯ ಮೇಲೆ ಆ ಕೈಯಿಟ್ಟು ಗೆರೆ ಎಳೆದ. ಆಮೇಲೆ ಅವಳ ಹಿಮ್ಮಡಿ ಹಿಡಿದು ಕಾಲೆತ್ತಿಸಿ, ಎಷ್ಟು ಎತ್ತಿದರೆ ಸುಖ, ಎಷ್ಟಕ್ಕೆ ನೋವು ಎಂದು ಕೇಳಿ ಗುರುತು ಮಾಡಿಕೊಂಡ. ಅವಳ ಒಂದು ಗೇಣು, ಮೇಲೆ ಮೂರು ಬೆರಳು. ಇಷ್ಟು ತಿಳಿದುಕೊಳ್ಳಲು ಅವನಿಗೆ ಮೂವತ್ತು ವರ್ಷ ಬೇಕಾಯಿತು.

"ಮನೆಗೆ ಬಾ ಅಕ್ಕಾ. ಹದಿನೈದು ದಿನ ಕೊಡು. ಅಟ್ಟ ಸರಿಮಾಡ್ತೀನಿ."

"ನೋಡೋಣ," ಎಂದಳು ಅಕ್ಕ. ಬರುವುದಿಲ್ಲ ಎನ್ನಲಿಲ್ಲ. ಆ ಒಂದು ಮಾತನ್ನು ಹಿಡಿದುಕೊಂಡು ಅವನು ಮನೆಗೆ ಓಡಿದ.

ಮೊದಲು ಟೈಲರಮ್ಮನ ಏಣಿ ಮುಗಿಸಿಕೊಟ್ಟ, ಅವಳ ಕಾಲು ನೋಡಿಯೇ. ಬಳಿಕ ಬಾಗಿಲು ಕಿಟಕಿ ಎಂದು ಬಂದವರನ್ನೆಲ್ಲ ವಾಪಸು ಕಳಿಸಿದ. ಮನೆಯ ಹಳೆಯ ಮಂಚ ಬಿಚ್ಚಿ ಅದರ ಮರ ತೆಗೆದ. ಇದು ಬೇರೆಯವರ ಚೌಕಟ್ಟಾಗುವ ಹಾಗಿಲ್ಲ. ಹೊಸ ಏಣಿಯನ್ನು ಕಡಿದಾಗಿಡದೆ ಓರೆಯಾಗಿ ಕೂರಿಸಿದ. ಹನ್ನೊಂದು ಮೆಟ್ಟಿಲು, ಪಾದ ಪೂರ್ತಿ ಊರುವಷ್ಟು ಅಗಲದ ಹಲಗೆಗಳು. ಏಣಿಯ ಎರಡೂ ಕಡೆಗೆ ಹಿಡಿಪಟ್ಟಿ, ಅಟ್ಟದ ಅಂಚಿನುದ್ದಕ್ಕೂ ಕಟಕಟೆ. ಮೂಲೆಗಳನ್ನೆಲ್ಲ ಉಜ್ಜಿ ಉಜ್ಜಿ, ಕಣ್ಣು ಮುಚ್ಚಿ ಸವರಿದರೂ ಸಿಬಿರು ಚುಚ್ಚದ ಹಾಗೆ ನಯ ಮಾಡಿದ. ಮೆಷಿನ್ನನ್ನು ಮಾತ್ರ ಮುಟ್ಟಲಿಲ್ಲ, ಎಲ್ಲವೂ ಕೈಯಲ್ಲೇ. ಹೆಂಡತಿ ಅಟ್ಟ ತೊಳೆದು, ಕಿಟಕಿಯ ಕೆಳಗಿನ ಮೇಜನ್ನು ಒರೆಸಿ, ಹೊಸ ಹಾಸಿಗೆ ಹಾಸಿದಳು. ಮೂವತ್ತು ವರ್ಷದ ಹಿಂದೆ ಇದಕ್ಕೆ ಹದಿನೈದೇ ದಿನ ಸಾಕಾಗುತ್ತಿತ್ತಲ್ಲ ಎನ್ನುವುದು ಕೆಲಸದ ನಡುವೆ ಎಷ್ಟು ಸಲ ಅವನ ಎದೆಗೆ ಬಂತೋ.

ಭಾನುವಾರ ಅಕ್ಕ ಬಂದಳು. ಬಾಗಿಲಲ್ಲೇ ತಮ್ಮನ ಹೆಂಡತಿಯ ಎರಡೂ ಕೈ ಹಿಡಿದುಕೊಂಡಳು. "ಅಕ್ಕ ತಮ್ಮ ಸೇರಿ ನಮ್ಮ ತಪ್ಪನ್ನ ನಿನ್ನ ತಲೆಗೆ ಕಟ್ಟಿಬಿಟ್ವಿ ಕಣೇ," ಎಂದಳು. ಇಬ್ಬರೂ ಅತ್ತರು, ಮೂಗು ಒರೆಸಿಕೊಂಡರು, ಮೇಸ್ತ್ರಿಯನ್ನು ಬೈದು ಸ್ವಲ್ಪ ನಕ್ಕರು. ಆಮೇಲೆ ಶೆಡ್ಡಿಗೆ ಬಂದರು.

ಅಕ್ಕ ಏಣಿಯನ್ನು ಕೈಯಿಂದ ಸವರಿದಳು. ಹಿಡಿಪಟ್ಟಿ ಹಿಡಿದು ಮೊದಲ ಮೆಟ್ಟಿಲು ಹತ್ತಿದಳು. ಎರಡು. ಮೂರು. ನಾಲ್ಕನೆಯದಕ್ಕೆ ಕಾಲೆತ್ತಿದವಳು ಮಂಡಿ ಹಿಡಿದುಕೊಂಡಳು. ಇನ್ನೊಮ್ಮೆ ಎತ್ತಲು ನೋಡಿದಳು. ತುಟಿ ಕಚ್ಚಿದಳು. ಆಮೇಲೆ ನಿಧಾನವಾಗಿ ಒಂದೊಂದೇ ಮೆಟ್ಟಿಲು ಇಳಿದು ನೆಲಕ್ಕೆ ಬಂದಳು.

"ಮೆಟ್ಟಿಲು ಸರಿಯಾಗಿದೆ ಕಣೋ. ಒಂದು ಕೂದಲೂ ಆಚೀಚೆ ಇಲ್ಲ," ಎಂದಳು. "ಕಾಲೇ ಮುಗಿದುಹೋಗಿದೆ. ಡಾಕ್ಟ್ರು ಹತ್ತೋದೇ ಬೇಡ ಅಂದಿದಾರೆ. ನೀನು ಇಷ್ಟು ಆಸೆ ಇಟ್ಕೊಂಡು ಮಾಡ್ದೆ, ಒಂದು ಸಲ ಆದ್ರೂ ಆಗುತ್ತೇನೋ ಅಂತ ಬಂದೆ."

"ಯಾವಾಗಿಂದ ಅಕ್ಕಾ ನೋವು?"

ಅವಳು ಮಂಡಿ ನೀವಿಕೊಂಡಳು. ಲೆಕ್ಕ ಅವನಿಗೇ ಗೊತ್ತಿತ್ತು. ಮಂಡಿ ಎದೆಗೆ ಬಡಿಯುವ ಹಾಗೆ, ದಿನಕ್ಕಿಷ್ಟು ಸಲ, ಇಪ್ಪತ್ತೆರಡು ವರ್ಷ. ಅವಳ ಕಾಲನ್ನು ತಿಂದದ್ದು ವಯಸ್ಸೊಂದೇ ಅಲ್ಲ. ಅವನು ಎಲ್ಲರ ಮುಂದೆ ಅಗಲಿಸಿ ತೋರಿಸುತ್ತಿದ್ದ ಕೈಯೂ ತಿಂದಿತ್ತು.

"ಕೆಳಗೇ ಇರಿ ಅತ್ತಿಗೆ. ಕೋಣೇಲಿ ಮಲಗಿ, ನಾವು ಮೇಲೆ ಹೋಗ್ತೀವಿ," ಎಂದಳು ಹೆಂಡತಿ.

ಅಕ್ಕ ತಲೆಯಾಡಿಸಿದಳು. "ಬೇಡಮ್ಮಾ. ಬಂದು ಹೋಗಿ ಮಾಡ್ತೀನಿ. ಅಲ್ಲಿ ಅಂಗಡಿ ಪಕ್ಕದಲ್ಲೇ ಇದೆ, ಎಂಟು ವರ್ಷದಲ್ಲಿ ಅದೂ ಮನೆ ಆಗಿದೆ." ಅವಳ ಕೈ ಇನ್ನೂ ಹಿಡಿಪಟ್ಟಿಯ ಮೇಲೆಯೇ ಇತ್ತು. ಅದನ್ನು ಮೇಲಕ್ಕೂ ಕೆಳಕ್ಕೂ ಸವರುತ್ತ ಹೇಳಿದಳು, "ಒಂದು ಕೇಳ್ತೀನಿ, ಮಾಡ್ಕೊಡ್ತೀಯಾ? ನನ್ನ ಬಚ್ಚಲಿಗೆ ಎರಡು ಮೆಟ್ಟಿಲು ಇಳೀಬೇಕು. ಹಿಡ್ಕೊಳ್ಳೋಕೆ ಏನೂ ಇಲ್ಲ. ಇಂಥದ್ದೊಂದು ತುಂಡು ಇದ್ರೆ ಸಾಕು. ನಿನಗೆ ಬಿಡುವಾದಾಗ."

ಅವನು ಗರಗಸ ತೆಗೆದುಕೊಂಡ. ಹದಿನೈದು ದಿನ ಉಜ್ಜಿ ನಯ ಮಾಡಿದ ಅಟ್ಟದ ಕಟಕಟೆಯಿಂದಲೇ ಒಂದು ಮೊಳದ ತುಂಡು ಕುಯ್ದ. "ಅಯ್ಯೋ ಹಾಳು ಮಾಡ್ಬೇಡ್ವೋ, ಬೇರೆ ಮರದಲ್ಲಿ ಮಾಡು," ಎಂದು ಅಕ್ಕ ಕೂಗಿದಳು. ಅವನು ಕೇಳಲಿಲ್ಲ. ತುಂಡನ್ನು ಬಗಲಲ್ಲಿಟ್ಟುಕೊಂಡು, ಒಂದು ಕೈಯಲ್ಲಿ ಸಾಮಾನಿನ ಚೀಲ ಹಿಡಿದು, ಇನ್ನೊಂದು ಕೈ ಅಕ್ಕನಿಗೆ ಕೊಟ್ಟು, ಆಗಲೇ ಹೊರಟ. ನಾಲ್ಕು ಬೀದಿ ದಾಟಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅವನು ಮೊದಲ ಸಲ ಅವಳ ಹೆಜ್ಜೆಗೆ ನಡೆದ.

ಬಚ್ಚಲು ಇಕ್ಕಟ್ಟಾಗಿತ್ತು. ಗೋಡೆಯ ಮುಂದೆ ನಿಂತೊಡನೆ ಅಭ್ಯಾಸಬಲದಿಂದ ಅವನ ಕೈ ಅಗಲಿಸಿಕೊಂಡು ಗೋಡೆಯ ಮೇಲೆ ಹೋಯಿತು. ಅಕ್ಕ ನೋಡುತ್ತಿದ್ದಳು. ಅವನು ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಅವಳಿಗೆ ಕೊಟ್ಟ.

"ನೀನೇ ಗುರುತು ಹಾಕಕ್ಕಾ. ಎಲ್ಲಿಗೆ ಬೇಕೋ ಅಲ್ಲಿಗೆ."

ಅವಳು ಮೆಟ್ಟಿಲ ಮೇಲೆ ನಿಂತು, ಇಳಿಯುವವಳಂತೆ ಕೈ ಚಾಚಿ, ಕೈ ತಾನಾಗಿ ಎಲ್ಲಿ ಗೋಡೆಗೆ ತಾಗಿತೋ ಅಲ್ಲಿ ಗೆರೆ ಎಳೆದಳು. ಅದು ಅವನ ಸೊಂಟದ ಎತ್ತರಕ್ಕೂ ಬರಲಿಲ್ಲ. ಅವನನ್ನು ಬಿಟ್ಟಿದ್ದರೆ ಒಂದು ಗೇಣು ಮೇಲೆ ಹಾಕುತ್ತಿದ್ದ. ಮಂಡಿಯೂರಿ ಕೂತು ತೂತು ಕೊರೆದು, ತಿರುಪು ಬಿಗಿದು, ಪಟ್ಟಿ ಕೂರಿಸಿದ. ಮಂಡಿಯೂರಿದಾಗ ಅವನ ತಲೆ ಅಕ್ಕನ ಭುಜಕ್ಕೆ ಬಂತು.

ಅಕ್ಕ ಪಟ್ಟಿ ಹಿಡಿದು ಎರಡು ಮೆಟ್ಟಿಲು ಇಳಿದಳು. ಹತ್ತಿದಳು. ಮತ್ತೆ ಇಳಿದಳು. ಅವಳ ಮುಖದಲ್ಲಿ ಹಳೆಯ ತುಂಟತನ ಬಂತು.

"ಮೇಲೆ. ಕೆಳಗೆ," ಎಂದಳು. "ಈಗ ಸರಿಯಾಗಿ ಕೇಳಿಸ್ತೇನೋ ಉದ್ದಪ್ಪ?"

"ಕೇಳಿಸ್ತು ಅಕ್ಕಾ," ಎಂದ. ನಗಬೇಕೆಂದುಕೊಂಡಿದ್ದ. ಆಗಲಿಲ್ಲ. ಅವಳ ಗೆರೆ ಗೋಡೆಯ ಮೇಲೆ ಇನ್ನೂ ಸ್ವಲ್ಪ ಉಳಿದಿತ್ತು, ಅದನ್ನು ಅಂಗಿಯ ತುದಿಯಿಂದ ಒರೆಸುತ್ತ ಅವನು ಮಂಡಿಯೂರಿಕೊಂಡೇ ಇದ್ದ.